ತಿಂಗಳ ಕೊನೆಯ ಕಾರುಗಳು

ಮೇಘನಾ ನಮ್ಮ ಪರಿಚಯದವರ ಮಗಳು. ಇಲ್ಲಿನ ಸೇಂಟ್ ಲೂಸಿಯಾ ಬಡಾವಣೆಯ ಯೂನಿವರ್ಸಿಟಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಈಗ ಬಸ್ಸುಗಳ ಬಾಡಿ ಕಟ್ಟುವ ಒಂದು ಕಾರ್ಖಾನೆಯ ತಪಾಸಣೆ ವಿಭಾಗಕ್ಕೆ ಸೇರಿದ್ದಾಳೆ. ಹೋದ ತಿಂಗಳು, ನಾವು ಅಡಿಲೇಡ್ ಬಿಟ್ಟು ಬಂದು ನೆಲೆಸಿರುವ ರನ್‌ಕಾರ್ನ್‌ನ ನಮ್ಮ ಮನೆಗೆ ಬಂದಿದ್ದಾಗ ಕೇಳಿದಳು: "ಆಂಟಿ, ನೀವೂ ಕ್ವಾಲಿಟಿನಲ್ಲೇ ಇದ್ರಂತಲ್ಲ. ಆ ಕೆಲಸ ನಿಜವಾಗ್ಲೂ ಹೆಂಗಿರತ್ತೆ?"

"ಬೇರೆಯೋರ ತಪ್ಪು ಹುಡುಕೋದು ಕಣಮ್ಮ, ಇನ್ನೇನು" ಎಂದೆ. ಅವಳು ನಕ್ಕು, ಕಾಫಿ ಕುಡಿದು ಹೋದಳು.

ಅವಳು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಮೂವತ್ತು ಚಿಲ್ಲರೆ ವರ್ಷದ ಕೆಲಸದಲ್ಲಿ ನನಗೆ ಹೆಚ್ಚಾಗಿ ನೆನಪಾಗುವುದು ಬೇರೆಯವರ ತಪ್ಪುಗಳಲ್ಲ, ನನ್ನದೇ ಒಂದು ತಪ್ಪು. ಅದನ್ನು ಬಿಟ್ಟು ಏನು ಹೇಳಿದರೂ ಅರ್ಧ ಹೇಳಿದಂತೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ವನಜಾ, ಊರು ಭದ್ರಾವತಿ. ಅಪ್ಪ ಫಿಟ್ಟರ್ ಆಗಿದ್ದರು. ಆಗ ಸೋವಿಯತ್ ಒಕ್ಕೂಟ ನಮ್ಮ ದೇಶದ ವಿದ್ಯಾರ್ಥಿಗಳನ್ನು ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಳ್ಳುತ್ತಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಬಂದಾಗ ಅಮ್ಮ ಎರಡು ದಿನ ಮಾತು ಬಿಟ್ಟಳು. ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಹೆಣ್ಮಕ್ಳು ಮಿಷಿನ್ ಮುಟ್ತಾರಾ?" ಮುಟ್ಟುತ್ತಾರಂತೆ ಎಂದೆ. "ಹಂಗಾದ್ರೆ ಹೋಗು" ಎಂದರು. ಮೆಕ್ಯಾನಿಕಲ್ ಓದಿದೆ. ಕೊನೆಯ ವರ್ಷದ ತರಬೇತಿಗೆ ನನ್ನನ್ನು ಹಾಕಿದ್ದು ಮಾಸ್ಕೋದಿಂದ ರೈಲಿನಲ್ಲಿ ಒಂದೂವರೆ ದಿನ ದೂರದ ಊರಿನ ಕಾರು ಕಾರ್ಖಾನೆಗೆ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ದುಡಿದವರು ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದರು.

ಅಲ್ಲಿ ನನ್ನ ಮೇಲಿನವರು ವಾಲೆಂಟೀನಾ ಪೆಟ್ರೋವ್ನಾ, ಕೊನೆಯ ತಪಾಸಣೆಯ ಮುಖ್ಯಸ್ಥೆ. ಐವತ್ತು ದಾಟಿದ, ಗಟ್ಟಿ ಕೈಯ ಹೆಂಗಸು. ಅವರ ಮೊಹರು ಒತ್ತದೆ ಒಂದು ಕಾರೂ ಗೇಟು ದಾಟುವಂತಿರಲಿಲ್ಲ. ಆ ಮೊಹರನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಿದ್ದರು.

ಮೊದಲ ವಾರವೇ ಅವರು ನನಗೆ ಕಾರ್ಖಾನೆಯ ತಿಂಗಳನ್ನು ವಿವರಿಸಿದರು. ತಿಂಗಳಿಗೆ ಇಷ್ಟು ಕಾರು ಎಂದು ಮಾಸ್ಕೋದಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ಬೇಕಾದ ಬಿಡಿಭಾಗಗಳು ಬರಬೇಕಾದದ್ದು ಬೇರೆ ಬೇರೆ ಊರಿನ ಕಾರ್ಖಾನೆಗಳಿಂದ, ಅವುಗಳಿಗೂ ಅವುಗಳದೇ ಯೋಜನೆ, ಅವುಗಳದೇ ಕೊರತೆ. ಹಾಗಾಗಿ ಮೊದಲ ಹತ್ತು ದಿನ ಸಾಮಾನಿಲ್ಲದೆ ಕಾರು ಜೋಡಿಸುವ ಲೈನ್ ನಿಧಾನ. ನಡುವಿನ ಹತ್ತು ದಿನ ಹದವಾದ ಕೆಲಸ. ಕೊನೆಯ ಹತ್ತು ದಿನ ಜ್ವರ ಬಂದವರಂತೆ ಓಡಾಟ. "ನಿನಗೆ ಯಾವತ್ತಾದರೂ ಕಾರು ಕೊಳ್ಳುವ ಯೋಗ ಬಂದರೆ, ಹದಿನೈದನೇ ತಾರೀಖು ಹುಟ್ಟಿದ್ದನ್ನು ತಗೋ" ಎಂದಿದ್ದರು.

ತಮಾಷೆ ಎಂದುಕೊಂಡಿದ್ದೆ. ಆ ತಿಂಗಳ ಕೊನೆಗೆ ನೋಡಿದೆ. ತಿರುಗಿಸಿ ಕೂರಿಸಬೇಕಾದ ಸ್ಕ್ರೂಗಳನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಿದ್ದರು. ಹಿಂಬದಿಯ ದೀಪ ಬಂದಿರಲಿಲ್ಲ, ವೈಪರ್ ಬಂದಿರಲಿಲ್ಲ. ಆದರೂ ಕಾರು ಲೈನಿನಿಂದ ಇಳಿಯುತ್ತಿತ್ತು, ಇಳಿದದ್ದು ತಯಾರಾದದ್ದೆಂದು ಲೆಕ್ಕಕ್ಕೆ ಸೇರುತ್ತಿತ್ತು. ಅಪೂರ್ಣ ಕಾರುಗಳನ್ನೆಲ್ಲ ಹಿಂದಿನ ಬಯಲಿಗೆ ತಳ್ಳಿ ನಿಲ್ಲಿಸುತ್ತಿದ್ದರು. ಮುಂದಿನ ತಿಂಗಳು ಸಾಮಾನು ಬಂದ ಮೇಲೆ, ಆಫೀಸಿನ ಗುಮಾಸ್ತೆಯರನ್ನೂ ಕರೆತಂದು, ಹಿಮದಲ್ಲೇ ನಿಂತು ಉಳಿದದ್ದನ್ನು ಜೋಡಿಸುತ್ತಿದ್ದರು. ನಾನೂ ಆ ಬಯಲಿನಲ್ಲಿ ಎರಡು ಸಲ ಕೆಲಸ ಮಾಡಿದ್ದೇನೆ. ಬೆರಳು ಮರಗಟ್ಟಿ ಸ್ಪ್ಯಾನರ್ ಹಿಡಿದಿದ್ದೇ ಗೊತ್ತಾಗುತ್ತಿರಲಿಲ್ಲ.

ಅಂಥ ಒಂದು ಕೊನೆಯ ದಿನ ವಿಭಾಗದ ಮುಖ್ಯಸ್ಥ ಬಂದು ವಾಲೆಂಟೀನಾ ಅವರ ಮೇಜಿನ ಮೇಲೆ ಅವಸರದಲ್ಲಿ ಮುಗಿಸಿದ ಕಾರುಗಳ ಕಾಗದದ ಕಟ್ಟು ಇಟ್ಟ. ಅವರು ಓದದೆಯೇ ಒಂದೊಂದಕ್ಕೂ ಮೊಹರು ಒತ್ತಿದರು. ಆಮೇಲೆ ನನ್ನ ಮುಖ ನೋಡಿ, "ಹಾಗೆ ನೋಡಬೇಡ" ಎಂದರು. "ನಾನು ಒತ್ತದಿದ್ದರೆ ನಾಳೆ ಈ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ. ಅವಳು ತಿಂಗಳಿಡೀ ಹೀಗೆ ಒತ್ತುತ್ತಾಳೆ."

ಆಗ ನನಗೆ ಇಪ್ಪತ್ತೆರಡು ವರ್ಷ. ಇವರು ಹೇಡಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಆ ಕಾರುಗಳನ್ನು ಹೀಯಾಳಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ದಪ್ಪ ತಗಡು, ಎತ್ತರದ ಚಾಸಿ, ಎಂಥ ಚಳಿಯಲ್ಲೂ ಹತ್ತುವ ಎಂಜಿನ್. ಬ್ಯಾಟರಿ ಸತ್ತರೆ ಕೈಯಿಂದ ತಿರುಗಿಸಿ ಚಾಲೂ ಮಾಡಲು ಒಂದು ಹ್ಯಾಂಡಲ್, ಟೈರಿಗೆ ಗಾಳಿ ಹೊಡೆಯುವ ಪಂಪು, ಚೀಲದ ತುಂಬ ಸ್ಪ್ಯಾನರು, ಎಲ್ಲ ಕಾರಿನ ಜೊತೆಗೇ ಬರುತ್ತಿತ್ತು. ಕೊಂಡವನು ಅರ್ಧ ಮೆಕ್ಯಾನಿಕ್ ಆಗಿರುತ್ತಾನೆಂದು ನಂಬಿ ಮಾಡಿದ ಕಾರು ಅದು. ಆಗಲೇಬೇಕಿತ್ತು ಕೂಡ. ವಾಲೆಂಟೀನಾ ಅವರ ಗಂಡ ಏಳು ವರ್ಷ ಸರದಿಯಲ್ಲಿ ಕಾದು ಒಂದು ಕಾರು ಪಡೆದಿದ್ದರು. ನಿಲ್ಲಿಸಿ ಹೋಗುವಾಗ ಕಳ್ಳರ ಭಯಕ್ಕೆ ವೈಪರ್ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಓದು ಮುಗಿಸಿ ಬಂದ ಎರಡೇ ವರ್ಷಕ್ಕೆ ಮದುವೆಯಾಯಿತು. ನನ್ನ ಗಂಡ ರಾಮಪ್ರಸಾದ್ ಡಾಕ್ಟರು, ಅಡಿಲೇಡ್‌ನ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ. ನನ್ನ ರಷ್ಯನ್ ಡಿಗ್ರಿಯನ್ನು ಅಡಿಲೇಡ್‌ನಲ್ಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ಎರಡು ವರ್ಷ ಮನೆಯಲ್ಲಿದ್ದೆ. ಒಂದು ದಿನ ಪತ್ರಿಕೆಯ ಜಾಹೀರಾತಿನಲ್ಲಿ ನಾನು ತರಬೇತಿ ಪಡೆದ ಸೋವಿಯತ್ ಕಾರ್ಖಾನೆಯದೇ ಕಾರಿನ ಚಿತ್ರ ನೋಡಿ ಕೈಯಲ್ಲಿದ್ದ ದೋಸೆ ತಿರುಗಿಸುವ ಸಟ್ಟುಗ ಹಾಗೇ ನಿಂತುಬಿಟ್ಟಿತು. ಆ ಕಾರುಗಳನ್ನು ಹಡಗಿನಲ್ಲಿ ತರಿಸಿ ಮಾರುವ ಸಣ್ಣ ಕಂಪನಿಯೊಂದು ನಮ್ಮೂರಿನ ಬಂದರಿನ ಪಕ್ಕದಲ್ಲೇ ಶುರುವಾಗಿತ್ತು. ಮಾರನೆಯ ದಿನವೇ ಹೋದೆ. ಮ್ಯಾನೇಜರ್ ಕೆವಿನ್, ರಷ್ಯನ್ ಓದಲು ಬರುತ್ತದೆಂದು ಕೇಳಿದ ಕೂಡಲೇ ಕೈಪಿಡಿಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ಕೊಟ್ಟ.

ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಡೆಸ್. ಮಾತು ಕಡಿಮೆ. 'ವನಜಾ' ಎನ್ನಲು ಬಾರದೆ ಮೊದಲ ದಿನದಿಂದಲೇ ನನ್ನನ್ನು 'ವ್ಯಾನ್' ಎಂದು ಕರೆದ. ಕಾರುಗಳಿಗೆ ಉಪ್ಪುಗಾಳಿ ತಾಗದಂತೆ ಬಳಿದು ಕಳಿಸಿದ ಮೇಣ ತೊಳೆದು, ಒಂದೊಂದನ್ನೂ ಪರೀಕ್ಷಿಸಿ ಅಂಗಡಿಗಳಿಗೆ ಕಳಿಸುವುದು ಅವನ ಕೆಲಸ. ಕೆಲವು ಕಾರು ಅರ್ಧ ದಿನಕ್ಕೆ ಮುಗಿದರೆ ಕೆಲವು ಮೂರು ದಿನ ಹಿಡಿಯುತ್ತಿದ್ದವು. ಯಾಕೆಂದು ಅವನಿಗೆ ತಿಳಿದಿರಲಿಲ್ಲ.

ಒಮ್ಮೆ ನಾನು ಕಾರಿನ ಕಾಗದಗಳ ನಡುವೆ ಇದ್ದ ತಪಾಸಣೆಯ ಚೀಟಿ ನೋಡಿದೆ. ಮೊಹರು, ಪಕ್ಕದಲ್ಲಿ ತಾರೀಖು. ಸಾಲಿನ ಎಲ್ಲ ಕಾರುಗಳ ಚೀಟಿ ತೆಗೆದು ನೋಡಿದಾಗ ಎರಡರ ಮೇಲೆ ತಿಂಗಳ ಕೊನೆಯ ತಾರೀಖು ಇತ್ತು. "ಡೆಸ್, ಈ ಸಾಲಿನಲ್ಲಿ ಮೂರನೆಯದು, ಏಳನೆಯದು ತೊಂದರೆ ಕೊಡ್ತಾವೆ" ಎಂದೆ. ಬಾನೆಟ್ ಕೂಡ ಎತ್ತದೆ ಹೇಗೆ ಗೊತ್ತು ಎಂದು ನಕ್ಕ. ಮಧ್ಯಾಹ್ನದ ಹೊತ್ತಿಗೆ ಏಳನೆಯ ಕಾರಿನ ಬಾಗಿಲಿನೊಳಗಿಂದ ಸುತ್ತಿಗೆ ಏಟು ತಿಂದ ನಾಲ್ಕು ಸ್ಕ್ರೂ ತೆಗೆದು ನನ್ನ ಮೇಜಿನ ಮೇಲಿಟ್ಟ. "ವ್ಯಾನ್, ನಾಳೆಯಿಂದ ನನ್ನ ಜೊತೆ ಕೆಳಗೆ ಬಾ" ಎಂದ.

ಹಾಗೆ ನಾನು ತಪಾಸಣೆಗೆ ಬಂದೆ. ತಿಂಗಳ ಕೊನೆಯ ಕಾರುಗಳಿಗೆ ಕೆಂಪು ಚೀಟಿ ಅಂಟಿಸಿ ಪೂರ್ತಿ ಬಿಚ್ಚಿ ನೋಡುವುದು, ನಡುವಿನವಕ್ಕೆ ಹಸಿರು ಚೀಟಿ ಅಂಟಿಸಿ ಮೇಲುಮೇಲಿನ ಪರೀಕ್ಷೆ ಮಾಡಿ ಕಳಿಸುವುದು. ಕೆಲಸ ಅರ್ಧಕ್ಕರ್ಧ ಬೇಗ ಮುಗಿಯತೊಡಗಿತು. ಕೆವಿನ್ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದ. ನನಗೂ ತಲೆ ತಿರುಗಿತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಆ ದಿನಗಳಲ್ಲೇ ಪರ್ತ್‌ನಿಂದ ಶ್ರೀಕಂಠಯ್ಯ ಫೋನ್ ಮಾಡಿದರು. ಗಣಿ ಕಂಪನಿಯೊಂದರಲ್ಲಿ ಜಿಯಾಲಜಿಸ್ಟ್, ಮೈಸೂರಿನವರು, ನನ್ನ ಗಂಡನ ಸ್ನೇಹಿತರು. "ವನಜಾ ಅವ್ರೇ, ಈ ರಷ್ಯನ್ ಜೀಪ್ ಥರದ ಗಾಡಿ ಚೆನ್ನಾಗಿದ್ಯಾ? ವೀಕೆಂಡ್ ಸುತ್ತಾಡಕ್ಕೆ ಒಂದು ತಗೋಳೋಣ ಅಂತ."

"ತಗೊಳ್ಳಿ. ನಿಮ್ಮ ಗಾಡಿನ ನಾನೇ ನೋಡಿ ಕಳಿಸ್ತೀನಿ" ಎಂದೆ.

ಚೀಟಿಯ ಮೇಲೆ ಹನ್ನೆರಡನೇ ತಾರೀಖು ಇದ್ದ ಒಂದು ಕಾರನ್ನು ಆರಿಸಿದೆ. ಹಸಿರು ಚೀಟಿ ಅಂಟಿಸಿ ಸಹಿ ಹಾಕಿದೆ.

ಎಂಟು ತಿಂಗಳಾಗಿತ್ತು. ಒಂದು ಸೋಮವಾರ ಕೆವಿನ್ ನನ್ನನ್ನು ಕರೆದು, ಪರ್ತ್‌ನಲ್ಲಿ ನಮ್ಮ ಒಂದು ಕಾರು ಅಪಘಾತಕ್ಕೆ ಸಿಕ್ಕಿದೆ, ಬ್ರೇಕ್ ಹಿಡಿಯಲಿಲ್ಲ ಎಂದು ಮಾಲೀಕ ದೂರುತ್ತಿದ್ದಾನೆ, ನೋಡಿ ವರದಿ ಬರಿ ಎಂದ. ಕಾಗದದ ಮೇಲೆ ಮಾಲೀಕನ ಹೆಸರು ಓದಿದೆ: ಶ್ರೀಕಂಠಯ್ಯ. ಮನೆಗೆ ಫೋನ್ ಮಾಡಿದಾಗ ಗಂಡ ಹೇಳಿದರು: ಶ್ರೀಕಂಠಯ್ಯನವರಿಗೆ ತರಚು ಗಾಯ, ಹೆಂಡತಿ ಪದ್ಮಾ ಅವರ ಬಲಗಾಲು ಎರಡು ಕಡೆ ಮುರಿದಿದೆ.

ಮಾರನೆಯ ದಿನ ಪರ್ತ್‌ನ ಗ್ಯಾರೇಜೊಂದರಲ್ಲಿ ಆ ಕಾರಿನ ಕೆಳಗೆ ಮಲಗಿದೆ. ಹುಡುಕಬೇಕಾಗಿ ಬರಲಿಲ್ಲ. ಮುಂದಿನ ಎಡ ಚಕ್ರಕ್ಕೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರಿನ ಕೊಳವೆ, ಅಂದರೆ ಬ್ರೇಕ್ ಹೋಸ್, ಹರಿದಿತ್ತು. ಆ ಹೋಸನ್ನು ಬಿಗಿ ಮಾಡುವಾಗ ಎರಡು ಸ್ಪ್ಯಾನರ್ ಬೇಕು: ಒಂದರಲ್ಲಿ ಹೋಸಿನ ತುದಿಯನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದರಲ್ಲಿ ನಟ್ಟು ತಿರುಗಿಸಬೇಕು. ಯಾರೋ ಒಂದೇ ಸ್ಪ್ಯಾನರಿನಲ್ಲಿ ಬಿಗಿ ಮಾಡಿದ್ದರು. ಹೋಸ್ ಹುರಿಯಂತೆ ತಿರುಚಿಕೊಂಡು ಹೊರಗೆ ಬಾಗಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿದಾಗಲೆಲ್ಲ ಟೈರಿಗೆ ಉಜ್ಜಿ ಉಜ್ಜಿ ಸವೆದು, ಕೊನೆಗೆ ಬೆಟ್ಟದ ಇಳಿಜಾರಿನಲ್ಲಿ ಬಿರಿದಿತ್ತು. ಹಿಂದಿನ ಚಕ್ರಗಳ ಬ್ರೇಕು ಉಳಿದಿತ್ತು, ಆ ಇಳಿಜಾರಿಗೆ ಅದು ಸಾಲಲಿಲ್ಲ. ಕಾರು ಮರಕ್ಕೆ ಗುದ್ದಿತ್ತು.

ಕೆಂಪು ಚೀಟಿಯ ಕಾರಾಗಿದ್ದರೆ ಚಕ್ರ ಬಿಚ್ಚಿ ನೋಡುತ್ತಿದ್ದೆವು. ಒಂದು ನಿಮಿಷದಲ್ಲಿ ಕಾಣುವ ದೋಷ. ಇದು ಹಸಿರು ಚೀಟಿಯದು. ಹನ್ನೆರಡನೇ ತಾರೀಖಿನ ಕಾರಿಗೆ ಹೀಗೇಕಾಯಿತು ಎಂದು ಅಲ್ಲೇ ಕಾಂಕ್ರೀಟ್ ನೆಲದ ಮೇಲೆ ಕೂತು ಯೋಚಿಸಿದೆ. ಆಗ ಆ ಹಿಮದ ಬಯಲು ನೆನಪಾಯಿತು. ಲೈನಿನಿಂದ ಇಳಿದಾಗ ಈ ಕಾರಿಗೆ ಬ್ರೇಕ್ ಹೋಸ್ ಬಂದೇ ಇರಲಿಲ್ಲ. ಹಿಂದಿನ ತಿಂಗಳ ಲೆಕ್ಕ ತುಂಬಿಸಿ, ಬಯಲಿನಲ್ಲಿ ನಿಂತು, ಸಾಮಾನು ಬಂದ ಮೇಲೆ ಮರಗಟ್ಟಿದ ಕೈಯೊಂದು ಜೋಡಿಸಿತ್ತು. ಮೊಹರು ಬಿದ್ದದ್ದು ಆಮೇಲೆ, ಹನ್ನೆರಡಕ್ಕೆ. ಇದಕ್ಕೆ ಪುರಾವೆ ನನ್ನ ಬಳಿ ಇರಲಿಲ್ಲ. ಆದರೆ ಬೇರೆ ಯಾರಿಗೆ ಹೊಳೆಯದಿದ್ದರೂ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಆ ಬಯಲಿನಲ್ಲಿ ನಾನೇ ನಿಂತಿದ್ದೆ.

ಅಲ್ಲಿಂದ ಆಸ್ಪತ್ರೆಗೆ ಹೋದೆ. ಪದ್ಮಾ ಕಾಲು ಮೇಲೆತ್ತಿ ಕಟ್ಟಿಸಿಕೊಂಡು ಮಲಗಿದ್ದರು. ಶ್ರೀಕಂಠಯ್ಯ ಎದ್ದು ನಿಂತು, "ಬನ್ನಿ, ಬನ್ನಿ. ಅಷ್ಟು ದೂರದಿಂದ ಬಂದ್ರಲ್ಲ" ಎಂದು ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ. ಹೋಸಿನ ವಿಷಯ, ಹಸಿರು ಚೀಟಿಯ ವಿಷಯ, ನನ್ನ ಸಹಿಯ ವಿಷಯ ಎಲ್ಲ ಹೇಳಿದೆ.

ಶ್ರೀಕಂಠಯ್ಯ ಆ ಕುರ್ಚಿಯನ್ನು ಗೋಡೆಯ ಕಡೆ ಸರಿಸಿದರು. ಆಮೇಲೆ, "ಹಂಗಾದ್ರೆ ಚಕ್ರ ಬಿಚ್ಚಿ ನೋಡ್ಲೇ ಇಲ್ವಾ ನೀವು?" ಎಂದರು.

"ಇಲ್ಲ."

"ನೀವೇ ನೋಡ್ತೀರಿ ಅಂತ ತಾನೇ ತಗೊಂಡಿದ್ದು?" ಅವರ ದನಿ ಏರಿತು. "ನಮ್ಮೋರು ಅಂತ ನಂಬಿದ್ವಲ್ರೀ!"

ಪದ್ಮಾ ಗಂಡನ ಕಡೆ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದರು. ನನ್ನನ್ನು ಕೇಳಿದ್ದು ಒಂದೇ: "ಇಂಥವು ಇನ್ನೆಷ್ಟು ಗಾಡಿ ಕಳ್ಸಿದೀರಿ?"

ಗೊತ್ತಿಲ್ಲ ಎಂದೆ.

"ಮೊದ್ಲು ಹೋಗಿ ಅದನ್ನ ನೋಡಿ. ಇಲ್ಲಿ ನಿಂತ್ಕೊಂಡು ಏನ್ಮಾಡ್ತೀರಿ?" ಎಂದರು.

ಅಡಿಲೇಡ್‌ಗೆ ಮರಳಿ ವರದಿ ಬರೆದೆ. ಕೆವಿನ್ ಓದಿ ಬಾಗಿಲು ಹಾಕಿದ. ಕೆಟ್ಟವನಲ್ಲ ಅವನು, ಹೆದರಿದ್ದ. "ಕಲ್ಲು ಸಿಡಿದು ಹೋಸ್ ಹರಿದಿರಬಹುದಲ್ಲವಾ? ಬೆಟ್ಟದ ಮಣ್ಣು ರಸ್ತೆ ಅದು. 'ಇರಬಹುದು' ಅಂತ ಒಂದು ಮಾತು ಸೇರಿಸು, ಸಾಕು. ನಿನ್ನ ಸಹಿಯ ಮಾತೇ ಬರುವುದಿಲ್ಲ. ನಿನಗೂ ಒಳ್ಳೆಯದು."

ವರದಿಯನ್ನು ನನ್ನ ಕೈಗೆ ಹಿಂದಿರುಗಿಸಿದ. ಆಗ ನನಗೆ ವಾಲೆಂಟೀನಾ ಪೆಟ್ರೋವ್ನಾ ನೆನಪಾದರು. ಅವರನ್ನು ಹೇಡಿ ಎಂದುಕೊಂಡಿದ್ದೆನಲ್ಲ, ಈಗ ಆ ಕಾಗದ ಹಿಡಿದು ನಾನೂ ಹತ್ತು ನಿಮಿಷ ಏನೂ ಮಾಡದೆ ನಿಂತಿದ್ದೆ. ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದ ಹೆಂಗಸು ನಾನು. ಈ ಕೆಲಸ ಹೋದರೆ ಇನ್ನೊಂದು ಸಿಗುವ ನಂಬಿಕೆ ಇರಲಿಲ್ಲ. ಆ ಹತ್ತು ನಿಮಿಷವನ್ನೂ ಬರೆಯಬೇಕೆನಿಸಿತು, ಬರೆದಿದ್ದೇನೆ.

ವರ್ಕ್‌ಶಾಪಿಗೆ ಇಳಿದು ಡೆಸ್‌ಗೆ ಎಲ್ಲ ಹೇಳಿದೆ. ಅವನು ಕೈ ಒರೆಸಿಕೊಂಡು ಮಾರಾಟಕ್ಕೆ ನಿಂತಿದ್ದ ಹಸಿರು ಚೀಟಿಯ ಕಾರುಗಳ ಕಡೆ ನಡೆದ. ಜ್ಯಾಕ್ ಕೊಟ್ಟು ಚಕ್ರ ಬಿಚ್ಚತೊಡಗಿದ. ನಾನೂ ಸೇರಿಕೊಂಡೆ. ಐದನೆಯ ಕಾರಿನಲ್ಲಿ ಹೋಸ್ ತಿರುಚಿತ್ತು. ಡೆಸ್ ಟಾರ್ಚು ಹಿಡಿದು ಬಹಳ ಹೊತ್ತು ನೋಡಿ, "ಪರ್ತ್‌ನ ಆ ಕಾರಿನ ಹಾಳೆಗೆ ನಾನೂ ಸಹಿ ಹಾಕಿದ್ದೇನೆ, ವ್ಯಾನ್. ನಿನ್ನ ಚೀಟಿ ನಂಬಿ ನಾನೂ ಚಕ್ರ ಬಿಚ್ಚಲಿಲ್ಲ. ನನ್ನ ಹೆಸರನ್ನೂ ಬರಿ" ಎಂದ.

ಎರಡು ಹೆಸರೂ ಇದ್ದ ವರದಿಯನ್ನೇ ಕೊಟ್ಟೆವು. ಜೊತೆಗೆ ಆ ತಿರುಚಿದ ಹೋಸನ್ನು ಬಿಚ್ಚಿ ಕೆವಿನ್‌ನ ಮೇಜಿನ ಮೇಲಿಟ್ಟೆವು. ಅದನ್ನು ನೋಡಿದ ಮೇಲೆ ಅವನು ಕಲ್ಲಿನ ಮಾತು ಎತ್ತಲಿಲ್ಲ. ಮಾರಿದ ಕಾರುಗಳ ಮಾಲೀಕರಿಗೆಲ್ಲ ಫೋನ್ ಹೋಯಿತು. ನಾನೂ ಡೆಸ್ಸೂ ಆರು ವಾರ ಊರೂರು ಅಲೆದು, ರೈತರ ಕೊಟ್ಟಿಗೆಗಳಲ್ಲಿ, ಮನೆಗಳ ಡ್ರೈವ್‌ವೇಗಳಲ್ಲಿ ಚಕ್ರ ಬಿಚ್ಚಿದೆವು. ಒಟ್ಟು ಹನ್ನೊಂದು ಕಾರುಗಳಲ್ಲಿ ಹೋಸ್ ತಿರುಚಿತ್ತು. ಒಂದರಲ್ಲಿ ರಬ್ಬರಿನೊಳಗಿನ ಬಟ್ಟೆಯ ಪದರ ಹೊರಗೆ ಕಾಣುವಷ್ಟು ಸವೆದಿತ್ತು. ಅದು ದಿನಾ ಮೂರು ಮಕ್ಕಳನ್ನು ಸ್ಕೂಲಿಗೆ ಬಿಡುತ್ತಿದ್ದ ಕಾರು. ಆ ಮಕ್ಕಳ ತಾಯಿ ನಮಗೆ ಟೀ ಕೊಟ್ಟು ಥ್ಯಾಂಕ್ಸ್ ಹೇಳಿದಳು.

ನನ್ನನ್ನು ತಪಾಸಣೆಯಿಂದ ತೆಗೆದು ಬಿಡಿಭಾಗಗಳ ಕೌಂಟರಿಗೆ ಹಾಕಿದರು. ಅದು ಸರಿಯೇ ಆಗಿತ್ತು. ವಾಲೆಂಟೀನಾ ಅವರಿಗೆ ಒಂದು ಉದ್ದದ ಪತ್ರ ಬರೆದೆ. ಉತ್ತರ ಬರಲಿಲ್ಲ. ಕೆಲವು ವರ್ಷಗಳಲ್ಲಿ, ಲಕೋಟೆಯ ಮೇಲೆ ಬರೆದಿದ್ದ ಆ ದೇಶವೇ ಇಲ್ಲವಾಯಿತು, ಕಾರು ಬರುವುದೂ ನಿಂತಿತು. ಪದ್ಮಾ ಕೋಲಿಲ್ಲದೆ ನಡೆಯುವಂತಾದರು, ಆದರೆ ಸ್ವಲ್ಪ ಕುಂಟು ಉಳಿಯಿತು. ಶ್ರೀಕಂಠಯ್ಯ ನನ್ನ ಗಂಡನೊಡನೆ ಮಾತಾಡುತ್ತಿದ್ದರು, ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಅದನ್ನು ನಾನು ತಪ್ಪೆಂದು ಹೇಳಲಾರೆ.

ಆಮೇಲೆ ಅಡಿಲೇಡ್‌ನ ಹೊರವಲಯದ ಒಂದು ಕಾರ್ಖಾನೆಗೆ ಸೇರಿದೆ. ಕಾರು ಕಂಪನಿಗಳಿಗೆ ಬ್ರೇಕ್ ಪೆಡಲುಗಳನ್ನು ಜೋಡಿಸಿ ಕಳಿಸುವ ಜಾಗ. ಸಂದರ್ಶನದಲ್ಲಿ ಹಿಂದಿನ ಕೆಲಸದ ಬಗ್ಗೆ ಕೇಳಿದಾಗ ಪರ್ತ್‌ನ ಕತೆ ಪೂರ್ತಿ ಹೇಳಿದೆ. ತೆಗೆದುಕೊಳ್ಳುವುದಿಲ್ಲ ಎಂದುಕೊಂಡಿದ್ದೆ, ತೆಗೆದುಕೊಂಡರು. ಅಲ್ಲೂ ಎಲ್ಲರಿಗೂ ನಾನು 'ವ್ಯಾನ್' ಆದೆ.

ಅಲ್ಲಿ ಲೈನಿನ ಉದ್ದಕ್ಕೂ ತಲೆಯ ಮೇಲೊಂದು ಹಳದಿ ಹಗ್ಗ ಇತ್ತು. ದೋಷ ಕಂಡವರು ಯಾರೇ ಆಗಲಿ, ನಿನ್ನೆ ಸೇರಿದವರಾದರೂ ಸರಿ, ಎಳೆದು ಲೈನ್ ನಿಲ್ಲಿಸಬಹುದು. ಇಂಥದ್ದನ್ನು ನಾನು ಕಂಡೇ ಇರಲಿಲ್ಲ. ಮೊದಲ ಸಲ ಎಳೆದಾಗ, ಬೈಗುಳ ಬರುತ್ತದೆಂದು ಹೆಗಲು ಕುಗ್ಗಿಸಿ ನಿಂತಿದ್ದೆ. ಮೇಲ್ವಿಚಾರಕಿ ಟ್ರೇಸಿ ಓಡಿಬಂದು ನೋಡಿ, "ಒಳ್ಳೇದಾಯ್ತು, ಕಣ್ಣಿಗೆ ಬಿತ್ತಲ್ಲ" ಎಂದು ಹೇಳಿ ಸರಿಪಡಿಸಲು ಕೂತಳು. ಅವತ್ತು ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಹಗ್ಗವಿದ್ದ ಮಾತ್ರಕ್ಕೆ ಕಾರ್ಖಾನೆ ಉಳಿಯುತ್ತದೆ ಎಂದೇನೂ ಇಲ್ಲ. ದೇಶದಲ್ಲಿ ಕಾರು ಮಾಡುವುದೇ ನಿಂತಾಗ ನಮ್ಮದೂ ಮುಚ್ಚಿತು. ಇಲ್ಲಿ ಬಾಗಿಲು ಹಾಕಿಸಿದ್ದು ಮಾಸ್ಕೋದಂಥ ಸರಕಾರಿ ಯೋಜನೆಯಲ್ಲ, ಮಾರುಕಟ್ಟೆ. ಆದರೆ ಕೊನೆಯ ವಾರ ಕ್ಯಾಂಟೀನಿನಲ್ಲಿ ಕೂತವರ ಮುಖಗಳು ಆ ಹಿಮದ ಬಯಲಿನಲ್ಲಿ ಕಂಡ ಮುಖಗಳಿಗಿಂತ ಬೇರೆಯಾಗೇನೂ ಇರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಪೆಡಲ್ ಲೈನಿನಲ್ಲಿ ಬಂತು. ಅದಕ್ಕೆ ಯಾರೋ ರಿಬ್ಬನ್ ಕಟ್ಟಿದ್ದರು. ನಿವೃತ್ತರೂ ಬಂದಿದ್ದರು, ಎಲ್ಲರ ಕೈಯಲ್ಲೂ ಫೋನು, ಒಂದು ಕಡೆ ಕೇಕು. ಮ್ಯಾನೇಜರ್ ಭಾಷಣದ ಕಾಗದ ಬಿಡಿಸಿ ನಿಂತಿದ್ದ. ಪೆಡಲ್ ಕೊನೆಯ ತಪಾಸಣೆಗೆ ನನ್ನ ಮುಂದೆ ಬಂದು ನಿಂತಿತು. ದಿನವೂ ನೋಡುವಂತೆ ನೋಡಿದೆ. ಪೆಡಲಿನ ಪಿನ್ನು ಜಾರದಂತೆ ಹಿಡಿಯುವ ಚಿಕ್ಕ ಕ್ಲಿಪ್ ಪೂರ್ತಿ ಕೂತಿರಲಿಲ್ಲ. ಅದನ್ನು ಜೋಡಿಸಿದವನು ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು, ಕಣ್ಣು ಒದ್ದೆಯಾಗಿತ್ತು, ಕಾಣಲಿಲ್ಲವೇನೋ.

ಕೈ ಮೇಲೆತ್ತಿ ಹಗ್ಗ ಎಳೆದೆ.

ಲೈನ್ ನಿಂತಿತು. ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ಉಳಿದವು. ಮ್ಯಾನೇಜರ್ ಹತ್ತಿರ ಬಂದು ಮೆಲ್ಲಗೆ ಹೇಳಿದ: "ವ್ಯಾನ್, ಇದೇ ಕೊನೆಯದು. ಆಮೇಲೆ ಸರಿಮಾಡಿದರಾಯಿತು, ಫೋಟೋ ಆಗಲಿ."

"ಇದರ ಮೇಲೆ ಯಾರೋ ಕಾಲಿಡ್ತಾರೆ" ಎಂದೆ.

ಟ್ರೇಸಿ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು ರಿಬ್ಬನ್ ಬಿಚ್ಚಿ ಪಕ್ಕಕ್ಕಿಟ್ಟಳು. ಜೋಡಿಸಿದವನು ಮೊಣಕಾಲೂರಿ ಕೂತು, ಹೊಸ ಕ್ಲಿಪ್ ತೆಗೆದುಕೊಂಡು ಒತ್ತಿದ. ಟಕ್ ಎಂದು ಕೂತ ಸದ್ದು ಅಷ್ಟು ಜನರಿದ್ದ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ನಾನು ಕೈಯಿಂದ ಎಳೆದು ನೋಡಿದೆ. ಭದ್ರವಾಗಿತ್ತು. ಹಾಳೆಯ ಮೇಲೆ ಸಹಿ ಹಾಕಿದೆ.